ಒಂದು ಬಾವಿ, ಎರಡು ಮೋಟರ್

ಮೊನ್ನೆ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಊಟದ ಹೊತ್ತಿಗೆ ಒಂದು ಪ್ರಶ್ನೆ ಕೇಳಿದ. "ಸರ್, ಸ್ಟೋರೇಜಿನಲ್ಲಿ ಒಂದು ಡಿಸ್ಕ್ ಇದೆ. ಅದನ್ನ ಎರಡೂ ಸರ್ವರಿಗೆ ಕೊಟ್ಟಿದ್ದೀವಿ. ಎರಡರಲ್ಲೂ ಕಾಣಿಸ್ತಾ ಇದೆ. ಎರಡೂ ಕಡೆ ಮೌಂಟ್ ಮಾಡಿದ್ರೆ ಮುಗೀತಲ್ಲ? ಈ ಕ್ಲಸ್ಟರ್, ಕೋರಂ, ಫೆನ್ಸಿಂಗ್ ಅಂತ ಎರಡು ವಾರ ಯಾಕೆ ಬೇಕು?"

ಹುಡುಗ ಮೈಸೂರು ಕಡೆಯವ, ಚುರುಕಾಗಿದಾನೆ. ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನನ್ನ ಕೈಯಾಗಿನ ಚಪಾತಿ ಹಂಗೇ ನಿಂತಿತು ನೋಡ್ರಿ. ಯಾಕಂದರೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಈ ಪ್ರಶ್ನೆಯನ್ನು ಯಾರನ್ನೂ ಕೇಳದೆ ಸೀದಾ ಮಾಡಿಯೇ ನೋಡಿದವನು.

"ನಿಮ್ಮ ಊರಾಗ ಬಾವಿ ಅದಾವೇನು?" ಅಂತ ಕೇಳಿದೆ. "ಬೋರ್‌ವೆಲ್ ಸರ್" ಅಂದ. ಹಂಗಾದರೆ ಇವನಿಗೆ ಮೊದಲಿಂದ ಹೇಳಬೇಕು ಅಂದುಕೊಂಡೆ. ಅಷ್ಟರಾಗ ಮೀಟಿಂಗಿಗೆ ಕರೆ ಬಂತು. ಅವನಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೀತೀನಿ.

ನಮ್ಮೂರು ಕಬ್ಬೂರ. ಬೆಳಗಾವಿ ಜಿಲ್ಲೆ, ಚಿಕ್ಕೋಡಿ ತಾಲೂಕು. ಈಗ ಪಟ್ಟಣ ಪಂಚಾಯಿತಿ ಆಗಿದೆ, ಆದರೂ ತೋಟದಾಗ ಇರುವ ನಮ್ಮಂಥವರಿಗೆ ಅದು ಮೊದಲಿನ ಊರೇ. ಕಬ್ಬು, ಗೋಂಜಾಳ, ಒಂದಿಷ್ಟು ಅರಿಷಿಣ. ಇವೆಲ್ಲಕ್ಕೂ ನೀರು ಅಜ್ಜ ತೋಡಿಸಿದ ಒಂದೇ ಬಾವಿಯದು. ಐವತ್ತು ಫೂಟಿನ ಕಲ್ಲಿನ ಬಾವಿ, ಒಳಗೆ ಇಳಿಯಾಕ ಮೆಟ್ಟಿಲು. ಈಜು ಕಲಿತಿದ್ದು ಅದರಾಗ, ಹತ್ತನೇತ್ತ ಫಲಿತಾಂಶದ ದಿನ ಹೆದರಿ ಅಡಗಿ ಕುಂತಿದ್ದು ಅದರ ಮೆಟ್ಟಿಲ ಮ್ಯಾಲೆ.

2004ರಲ್ಲಿ ಅಪ್ಪ ಮತ್ತು ಕಾಕಾ ವಾಟ್ನಿ ಮಾಡಿಕೊಂಡರು. ಹೊಲ ಹಂಚಬಹುದು, ನಡುವೆ ಒಂದು ಬದು ಹಾಕಿದರಾಯಿತು. ಎತ್ತು, ಎಮ್ಮೆ, ಕಾಳಿನ ಚೀಲ, ಅಡಿಗೆಮನೆಯ ಪಾತ್ರೆ ಎಲ್ಲ ಹಂಚಬಹುದು. ಬಾವಿ ಹೆಂಗ ಹಂಚೋದು? ಉತಾರದಾಗ ಇಬ್ಬರಿಗೂ ಎಂಟೆಂಟಾಣೆ ಪಾಲು ಅಂತ ಬರೆಸಿದರು. ಬಾವಿಯ ಮೇಲೆ ಐದು ಎಚ್‌ಪಿಯ ಎರಡು ಮೋಟರ್ ಕುಂತವು, ಎರಡು ಸ್ಟಾರ್ಟರ್ ಡಬ್ಬಿ, ಎರಡು ಪೈಪ್‌ಲೈನ್. ನಾಲ್ಕು ದಿನ ನಮ್ಮ ಪಾಳಿ, ನಾಲ್ಕು ದಿನ ಕಾಕಾಂದು.

ಇಲ್ಲಿ ಒಂದು ಮಾತು. ಉತಾರ ಹೇಳೋದು ಪಾಲು ಯಾರದು ಅಂತ ಮಾತ್ರ. ಇವತ್ತು ಯಾರು ಗುಂಡಿ ಒತ್ತಬೇಕು ಅನ್ನೋದನ್ನ ಅದು ಹೇಳೋದಿಲ್ಲ. ಸ್ಟೋರೇಜ್ ಪೆಟ್ಟಿಗೆಯೂ ಹಂಗೇ. ಅದರಾಗ ಒಂದು ತುಂಡು ಕತ್ತರಿಸಿ ಎಲ್‌ಯುಎನ್ ಅಂತ ಹೆಸರಿಟ್ಟು, ಈ ಈ ಸರ್ವರಿಗೆ ಇದನ್ನ ಮುಟ್ಟುವ ಹಕ್ಕು ಐತಿ ಅಂತ ಬರೆದುಕೊಂಡಿರುತ್ತದೆ. ಅಷ್ಟೇ ಅದರ ಕೆಲಸ. ಎರಡು ಸರ್ವರ್ ಒಂದೇ ಜಾಗದಾಗ ಒಂದೇ ಹೊತ್ತಿಗೆ ಬರೆದರೆ ಎರಡನ್ನೂ ಬಾಯಿ ಮುಚ್ಚಿಕೊಂಡು ಬರೆದುಕೊಳ್ಳುತ್ತದೆ. ಹಕ್ಕು ಬೇರೆ, ಪಾಳಿ ಬೇರೆ. ನಮ್ಮ ಹುಡುಗ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇದೇ.

ಅಜ್ಜ ಇರೋತನಕ ಪಾಳಿಯ ಲೆಕ್ಕ ಅಜ್ಜನ ಕಡೆ ಇತ್ತು. ಮೋಟರ್ ಮನೆಯ ಗೋಡೆ ಮೇಲೆ ಸುಣ್ಣದ ಗೀರು ಎಳೀತಿದ್ದ. ಯಾರೇ ಗುಂಡಿ ಒತ್ತಬೇಕಾದರೂ "ಅಪ್ಪಾ, ಚಾಲೂ ಮಾಡ್ಲೇನು?" ಅಂತ ಕೇಳಿಯೇ ಒತ್ತೋದು. 2009ರಲ್ಲಿ ಅಜ್ಜ ಹೋದ. 2010ರ ಗ್ರಾಮ ಪಂಚಾಯಿತಿ ಚುನಾವಣೆಯಾಗ ಅಪ್ಪ ಒಂದು ಗುಂಪು, ಕಾಕಾ ಒಂದು ಗುಂಪು. ಮಾತು ಬಂದ್ ಆತು. ಗೋಡೆ ಮೇಲಿನ ಗೀರೂ ನಿಂತಿತು. ಆದರೂ ಪಾಳಿ ನಡೀತಿತ್ತು, ಯಾಕಂದರೆ ನಾಲ್ಕು ದಿನ ಎಣಿಸೋದು ಯಾರಿಗೆ ಬರೋದಿಲ್ಲ?

2012ರ ಏಪ್ರಿಲ್. ಬಿಸಿಲು ಹೊಡೆದು ಕಬ್ಬು ಸುರುಳಿ ಸುತ್ತುತ್ತಿತ್ತು. ಕಾಕಾನ ಪಾಳಿಯ ಎರಡನೇ ದಿನ ಟಿಸಿ ಸುಟ್ಟಿತು. ಮೂರು ದಿನ ಕರೆಂಟಿಲ್ಲ. ಅಪ್ಪ ಕ್ಯಾಲೆಂಡರ್ ನೋಡಿದ: ನಾಲ್ಕು ದಿನ ಮುಗಿದವು, ಇವತ್ತಿಂದ ನಂದು. ಕಾಕಾನ ಲೆಕ್ಕ ಬೇರೆ: ನನಗೆ ನೀರು ಸಿಕ್ಕಿದ್ದು ಒಂದೇ ದಿನ, ಇನ್ನೂ ಮೂರು ದಿನ ನಂದು. ಅವರವರ ಲೆಕ್ಕದಾಗ ಇಬ್ಬರೂ ಸರಿ. ಯಾರೂ ಯಾರನ್ನೂ ಕೇಳಲಿಲ್ಲ. ತ್ರೀ ಫೇಸ್ ಆ ವಾರ ರಾತ್ರಿ ಪಾಳಿ, ಯಾವಾಗ ಬರುತ್ತದೋ ಗೊತ್ತಿಲ್ಲ. ಇಬ್ಬರೂ ಸ್ಟಾರ್ಟರಿಗೆ ಆಟೋ ಹಾಕಿ ಮಲಗಿದರು. ನಡುರಾತ್ರಿ ಮುಗಿದ ಮೇಲೆ ಕರೆಂಟ್ ಬಂತು, ಎರಡೂ ಮೋಟರ್ ಒಟ್ಟಿಗೆ ಎದ್ದವು. ಬೇಸಿಗೆಯ ಬಾವಿ ಎಷ್ಟು ತಡೀತದ? ನೀರು ಫುಟ್‌ವಾಲ್ವಿನ ಕೆಳಗೆ ಇಳೀತು, ಮೋಟರು ಗಾಳಿ ಎಳೀತಾ ಒಣಗೇ ತಿರುಗಿದವು. ಬೆಳಿಗ್ಗೆ ಹೋಗಿ ನೋಡಿದರೆ ಅಪ್ಪನ ಮೋಟರಿನ ವೈಂಡಿಂಗ್ ಸುಟ್ಟು ವಾಸನೆ. ಕಾಕಾನ ಪಂಪಿನ ಸೀಲ್ ಹೋಗಿತ್ತು. ಎರಡನ್ನೂ ರಿಪೇರಿ ಮಾಡಿಸಿಕೊಂಡು ಬರೋದರಾಗ ಒಂದು ವಾರ ಹೋಯಿತು. ನಮ್ಮ ಕುಳೆ ಕಬ್ಬು ಆ ಸಲ ಗಣಿಕೆ ಬಿಡಲೇ ಇಲ್ಲ.

ಅವ್ವ ಫೋನಿನಾಗ ಹೇಳಿದಾಗ ನಾನು ಪುಣೆಯಲ್ಲಿದ್ದೆ. ಬಿಇ ಮುಗಿಸಿ, ಸಿಸ್ಟಮ್ ಅಡ್ಮಿನ್ ಅಂತ ಕೆಲಸಕ್ಕೆ ಸೇರಿದ್ದೆ. ಅಪ್ಪನಿಗೆ ಫೋನು ಕೊಡಿಸಿ ಬೈದೆ. "ಇಬ್ರೂ ಐವತ್ತು ದಾಟೀರಿ. ಒಂದ್ ಮಾತ್ ಕೇಳಿದ್ರ ಏನ್ ಗಂಟು ಹೋಗ್ತಿತ್ತು?" ಅಪ್ಪ ಏನೂ ಅನ್ನಲಿಲ್ಲ. "ಆತು ತಮ್ಮಾ, ಇಡ್ತೀನಿ" ಅಂದ.

ಅದಾಗಿ ಹತ್ತು ತಿಂಗಳಿಗೆ ನನ್ನ ಸರದಿ ಬಂತು.

ಕ್ಲೈಂಟ್ ಒಂದು ಪತ್ತಿನ ಸಂಸ್ಥೆ, ಹದಿನಾಲ್ಕು ಶಾಖೆಗಳು. ಪಿಗ್ಮಿ ಅವರ ಜೀವಾಳ. ಪಿಗ್ಮಿ ಗೊತ್ತಲ್ಲ? 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಶುರು ಮಾಡಿದ್ದು. ಏಜೆಂಟ್ ದಿನಾ ಮನೆ ಬಾಗಿಲಿಗೆ, ಅಂಗಡಿಗೆ ಬಂದು ಎರಡಾಣೆಯನ್ನೂ ಕಟ್ಟಿಸಿಕೊಳ್ಳುತ್ತಿದ್ದ ಯೋಜನೆ. ಈ ಸಂಸ್ಥೆಯಲ್ಲೂ ತರಕಾರಿ ಮಾರುವವರು, ಚಹಾ ಅಂಗಡಿಯವರು ದಿನಕ್ಕೆ ಹತ್ತು ಇಪ್ಪತ್ತು ರೂಪಾಯಿ ಕಟ್ಟುತ್ತಿದ್ದರು. ಅದೆಲ್ಲದರ ಲೆಕ್ಕ ಎರಡು ಸರ್ವರ್, ಒಂದು ಸ್ಟೋರೇಜ್ ಮೇಲೆ. ಒಂದು ಸರ್ವರ್ ಕೆಲಸ ಮಾಡುವುದು, ಅದು ಬಿದ್ದರೆ ಎರಡನೆಯದು ಡಿಸ್ಕನ್ನು ತಾನು ಎತ್ತಿಕೊಂಡು ಮುಂದುವರಿಸುವುದು. ಕ್ಲಸ್ಟರ್ ಸಾಫ್ಟ್‌ವೇರ್ ಇನ್ನೂ ಹಾಕಿರಲಿಲ್ಲ. ಅದು ಮುಂದಿನ ವಾರದ ಕೆಲಸ.

ಒಂದು ಶನಿವಾರ ಸಂಜೆ ಎರಡನೇ ಸರ್ವರಿನಲ್ಲಿ ಡಿಸ್ಕ್ ಸರಿಯಾಗಿ ಕಾಣುತ್ತದೋ ಇಲ್ಲವೋ ಅಂತ ನೋಡುವ ಮನಸ್ಸಾಯಿತು. ಕಾಣುತ್ತಿತ್ತು. ಒಳಗೆ ಫೈಲ್ ಇವೆಯೋ ನೋಡೋಣ ಅನ್ನಿಸಿತು. ನಾನೇನು ಅಷ್ಟು ದಡ್ಡನಲ್ಲ, ಬರೆಯಬಾರದು ಅಂತ ಗೊತ್ತಿತ್ತು. ಅದಕ್ಕೆ ರೀಡ್ ಓನ್ಲಿ ಅಂತ ಹಾಕಿ ಮೌಂಟ್ ಮಾಡಿದೆ. ಫೈಲ್ ಎಲ್ಲ ಇದ್ದವು. ಖುಷಿಯಾಗಿ ಅನ್‌ಮೌಂಟ್ ಮಾಡಿ ಚಹಾಕ್ಕೆ ಹೋದೆ.

ನನಗೆ ಗೊತ್ತಿಲ್ಲದ್ದು ಇದು. ಈಎಕ್ಸ್‌ಟಿ4 ಫೈಲ್‌ಸಿಸ್ಟಮ್ ಒಂದು ಜರ್ನಲ್ ಇಟ್ಟುಕೊಂಡಿರುತ್ತದೆ. ಬದಲಾವಣೆಗಳನ್ನು ಮೊದಲು ಅಲ್ಲಿ ಗುರುತು ಹಾಕಿ, ಆಮೇಲೆ ಅವುಗಳ ನಿಜವಾದ ಜಾಗಕ್ಕೆ ಬರೆಯುತ್ತದೆ, ನಮ್ಮ ಅಂಗಡಿಯವರ ಕಚ್ಚಾ ವಹಿಯ ಹಂಗ. ಮೌಂಟ್ ಮಾಡುವಾಗ ಕಚ್ಚಾ ವಹಿಯಲ್ಲಿ ಬಾಕಿ ಏನಾದರೂ ಕಂಡರೆ "ಓಹೋ, ಹೋದ ಸಲ ಯಂತ್ರ ಅರ್ಧಕ್ಕೆ ಬಿದ್ದಿರಬೇಕು" ಅಂತ ತಿಳಿದು ಅದನ್ನು ತಾನೇ ಪಕ್ಕಾ ವಹಿಗೆ ಏರಿಸುತ್ತದೆ. ರೀಡ್ ಓನ್ಲಿ ಅಂತ ಹೇಳಿದರೂ ಏರಿಸುತ್ತದೆ. ಬೇಡ ಅನ್ನಲು ಬೇರೆ ಆಪ್ಶನ್ ಕೊಡಬೇಕು, ಅದು ನನಗೆ ಆಗ ತಿಳಿದಿರಲಿಲ್ಲ. ಅತ್ತ ಮೊದಲನೇ ಸರ್ವರ್ ಜೀವಂತ ಇತ್ತು, ಅದೇ ವಹಿಯಲ್ಲಿ ಬರೀತಾ ಇತ್ತು, ಹಳೆಯ ಪುಟಗಳನ್ನು ತನ್ನ ನೆನಪಿನಲ್ಲಿ ಇಟ್ಟುಕೊಂಡು ಡಿಸ್ಕಿನಲ್ಲೂ ಹಂಗೇ ಐತಿ ಅಂತ ನಂಬಿಕೊಂಡಿತ್ತು. ಇಬ್ಬರೂ ತಮ್ಮ ತಮ್ಮ ಲೆಕ್ಕದಾಗ ಸರಿ.

ಚಹಾ ಮುಗಿಸಿ ಬರುವಷ್ಟರಲ್ಲಿ ಮೊದಲನೇ ಸರ್ವರಿಗೆ ಡಿಸ್ಕಿನ ಮೇಲೆ ಅನುಮಾನ ಬಂದು, ಇನ್ನು ಬರೆಯುವುದಿಲ್ಲ ಅಂತ ಅದು ಕೈ ಕಟ್ಟಿ ಕುಂತಿತ್ತು. ಫೈಲ್‌ಸಿಸ್ಟಮ್ ರಿಪೇರಿ ಮಾಡುವ ಕಮಾಂಡ್ ಓಡಿಸಿದರೆ, ಹೆಸರು ಕಳೆದುಕೊಂಡ ನೂರಾರು ಫೈಲ್ ಒಂದೇ ಕಡೆ ರಾಶಿ ಬಿದ್ದವು. ಡೇಟಾಬೇಸ್ ಏಳಲಿಲ್ಲ. ಕೊನೆಗೆ ಹಿಂದಿನ ರಾತ್ರಿಯ ಬ್ಯಾಕಪ್ ತಂದು ಹಾಕಿದೆವು. ಶನಿವಾರ ಇಡೀ ದಿನದ ಲೆಕ್ಕ ಇಲ್ಲ.

ಭಾನುವಾರ ಪಿಗ್ಮಿ ಏಜೆಂಟರನ್ನೆಲ್ಲ ಕರೆಸಿದರು. ಅವರ ಕಡೆ ಕಾರ್ಬನ್ ಹಾಕಿ ಬರೆದ ರಸೀದಿ ಪುಸ್ತಕ ಇದ್ದವು, ಪುಣ್ಯ. ಒಬ್ಬೊಬ್ಬರೂ ಓದುವುದು, ಹುಡುಗಿಯರು ಟೈಪ್ ಮಾಡುವುದು. ಖಾತೆ ನಂಬರ್ ಇಷ್ಟು, ಹತ್ತು ರೂಪಾಯಿ. ಖಾತೆ ನಂಬರ್ ಇಷ್ಟು, ಇಪ್ಪತ್ತು ರೂಪಾಯಿ. ನಾನು ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕುಂತಿದ್ದೆ. ವಯಸ್ಸಾದ ಏಜೆಂಟ್ ಒಬ್ಬರ ಕಾರ್ಬನ್ ಮಸುಕಾಗಿತ್ತು. ಕಿಟಕಿ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, "ಐದೋ ಎಂಟೋ" ಅಂತ ಒಂದೊಂದೇ ಓದುತ್ತಿದ್ದರು. ಓದಲಾಗದ ಹನ್ನೊಂದು ರಸೀದಿ ಹಿಡಿದುಕೊಂಡು ಮರುದಿನ ಮನೆ ಮನೆಗೆ ಹೋಗಿ ಕೇಳಿಕೊಂಡು ಬಂದರಂತೆ. ಅವರಿಗೆ ಯಾರು ಏನು ಮಾಡಿದರು ಅಂತ ಗೊತ್ತಿರಲಿಲ್ಲ. ನನಗೆ ಚಹಾ ತರಿಸಿಕೊಟ್ಟರು. "ರಾತ್ರಿ ಎಲ್ಲ ನಿದ್ದೆಗೆಟ್ಟು ರಿಪೇರಿ ಮಾಡ್ಯಾನ ಪಾಪ" ಅಂತ.

ಸೋಮವಾರ ರಿಪೋರ್ಟ್ ಬರೆದೆ. ಕಾರಣ ಅನ್ನುವ ಕಡೆ 'ಫೈಲ್‌ಸಿಸ್ಟಮ್ ಕೆಟ್ಟಿದೆ, ಕಾರಣ ಅನ್‌ನೋನ್' ಅಂತ ಹಾಕಿದೆ. ನನ್ನ ಸೀನಿಯರ್ ಸೋಲಾಪುರದವರು, ಮನೆಯಲ್ಲಿ ಕನ್ನಡ. ಓದಿ, ಚಷ್ಮಾ ತೆಗೆದು ಟೇಬಲ್ ಮೇಲೆ ಇಟ್ಟರು. "ಅನ್‌ನೋನ್ ಅಂತ ಬರ್ದೀಯಲ್ಲೋ, ಯಾರಿಗೆ ಅನ್‌ನೋನ್?" ಅಂದರು. ಎರಡನೇ ಸರ್ವರಿನ ಲಾಗ್ ಅವರು ಆಗಲೇ ನೋಡಿದ್ದರು. ಅದರಲ್ಲಿ ನನ್ನ ಲಾಗಿನ್ ಇತ್ತು, ಹೊತ್ತು ಇತ್ತು. ಮತ್ತೊಂದು ಮಾತು ಆಡಲಿಲ್ಲ. ಹೊಸ ರಿಪೋರ್ಟ್ ಬರೆದೆ, ನನ್ನ ಹೆಸರು ಹಾಕಿ. ಬರೆಯಲು ಅರ್ಧ ದಿನ ಬೇಕಾಯಿತು. ಇರುವುದು ಆರು ಸಾಲು. ಕೆಲಸ ಉಳಿಯಿತು. ಆದರೆ ಅಪ್ಪನಿಗೆ ಬೈದಿದ್ದು ನೆನಪಾಗಿ ಆ ವಾರ ಮನೆಗೆ ಫೋನ್ ಮಾಡಲಿಲ್ಲ.

ಆಮೇಲೆ ಆ ಕ್ಲಸ್ಟರನ್ನು ಸೀನಿಯರ್ ನನ್ನಿಂದಲೇ ಕಟ್ಟಿಸಿದರು. ಹುಡುಗ ಕೇಳಿದ "ಎರಡು ವಾರ ಯಾಕೆ" ಅನ್ನೋದಕ್ಕೆ ಉಳಿದ ಅರ್ಧ ಉತ್ತರ ಇಲ್ಲಿದೆ.

ಎರಡು ಸರ್ವರ್ ನಿಜವಾಗಿಯೂ ಒಂದೇ ಹೊತ್ತಿಗೆ ಒಂದೇ ಡಿಸ್ಕಿನಲ್ಲಿ ಬರೆಯಬೇಕು ಅಂದರೆ ಫೈಲ್‌ಸಿಸ್ಟಮ್ಮೇ ಬೇರೆ ಬೇಕು. ಇದು ಹೊಸ ವಿದ್ಯೆಯಲ್ಲ. 1983ರಲ್ಲೇ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ವ್ಯಾಕ್ಸ್‌ಕ್ಲಸ್ಟರ್ ಅಂತ ಹೊರಗೆ ತಂದಿತ್ತು. ಹಲವು ಯಂತ್ರ, ಹಂಚಿಕೊಂಡ ಡಿಸ್ಕು, ನಡುವೆ ಬೀಗದ ಲೆಕ್ಕ ಇಡುವ ಲಾಕ್ ಮ್ಯಾನೇಜರ್. ಲಿನಕ್ಸಿನಲ್ಲಿ ನಾವು ಬಳಸಿದ ಜಿಎಫ್‌ಎಸ್2ದ ಬೇರು 1990ರ ದಶಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿದೆ. ಅದರಲ್ಲಿ ಪ್ರತಿ ಸರ್ವರಿಗೂ ತನ್ನದೇ ಕಚ್ಚಾ ವಹಿ. ಯಾವ ಫೈಲ್ ಮುಟ್ಟಬೇಕಾದರೂ ಮೊದಲು ಲಾಕ್ ಕೇಳಬೇಕು, ಅಜ್ಜನನ್ನು ಕೇಳಿದ ಹಂಗ. ಬೇರೆಯವರು ಲಾಕ್ ಕೇಳಿದರೆ, ನಿನ್ನ ನೆನಪಿನಲ್ಲಿರುವುದನ್ನು ಡಿಸ್ಕಿಗೆ ಇಳಿಸಿ ಬಿಟ್ಟುಕೊಡಬೇಕು. ನಿಧಾನ ಆಗುತ್ತದೆ, ಖರೆ. ಮಾತಾಡಿಕೊಂಡು ಮಾಡುವ ಕೆಲಸ ಎಲ್ಲ ನಿಧಾನವೇ.

ಕಷ್ಟ ಇರೋದು ಮಾತು ಬಂದ್ ಆದಾಗ. ನಡುವಿನ ನೆಟ್‌ವರ್ಕ್ ವೈರ್ ಕಿತ್ತು ಬಂತು ಅನ್ನಿ. ಇಬ್ಬರೂ ಬದುಕಿದಾರೆ, ಆದರೆ ಒಬ್ಬರಿಗೊಬ್ಬರು ಕೇಳಿಸುತ್ತಿಲ್ಲ. ಇತ್ತಲವ ಅಂದುಕೊಳ್ಳುತ್ತಾನೆ ಅತ್ತಲವ ಸತ್ತ, ಡಿಸ್ಕ್ ಇನ್ನು ನಂದು. ಅತ್ತಲವನೂ ಅದನ್ನೇ ಅಂದುಕೊಳ್ಳುತ್ತಾನೆ. ಇದಕ್ಕೆ ಸ್ಪ್ಲಿಟ್ ಬ್ರೇನ್ ಅಂತ ಹೆಸರು. ಎರಡೂ ಸ್ಟಾರ್ಟರ್ ಆಟೋದಲ್ಲಿ ಇಟ್ಟು ಮಲಗಿದ ರಾತ್ರಿ ಅದು.

ಅದಕ್ಕೆ ಎರಡು ಮದ್ದು. ಒಂದು ಕೋರಂ: ಅರ್ಧಕ್ಕಿಂತ ಹೆಚ್ಚು ವೋಟ್ ಇದ್ದವನು ಮಾತ್ರ ಕೆಲಸ ಮಾಡಬೇಕು. ಇಬ್ಬರೇ ಇದ್ದರೆ ಒಂದು ಒಂದು, ತೀರ್ಮಾನವೇ ಇಲ್ಲ. ಅದಕ್ಕೆ ಮೂರನೇ ವೋಟ್ ಒಂದನ್ನು ಬೇರೆ ಕಡೆ ಇಡುತ್ತಾರೆ. ಆ ಮೂರನೆಯದರಲ್ಲಿ ಡೇಟಾ ಏನೂ ಇರೋದಿಲ್ಲ, ವೋಟ್ ಅಷ್ಟೇ. ಇನ್ನೊಂದು ಫೆನ್ಸಿಂಗ್. ಬೇಲಿ ಅಂತ ಹೆಸರಿದ್ದರೂ ಇದು ಬೇಲಿಯಲ್ಲ, ಎದುರಿನವನ ಫ್ಯೂಜ್ ಕೀಳೋದು. ಉತ್ತರ ಕೊಡದ ಸರ್ವರನ್ನು ಕೇಳಿ ಪ್ರಯೋಜನವಿಲ್ಲ, ಅದು ತೂಕಡಿಸುತ್ತಿದ್ದು ನಡುವೆ ಎದ್ದು ಹಳೇ ಲೆಕ್ಕ ಬರೆದುಬಿಟ್ಟರೆ? ಅದಕ್ಕೆ ಬದುಕಿದವನು ಮೊದಲು ಅದರ ಕರೆಂಟನ್ನೇ ತೆಗೆಸುತ್ತಾನೆ, ಇಲ್ಲವೇ ಸ್ಟೋರೇಜಿಗೆ ಹೇಳಿ ಅದರ ಹಕ್ಕನ್ನು ಹೊಡೆದುಹಾಕಿಸುತ್ತಾನೆ. ಖಾತ್ರಿ ಆಗೋತನಕ ತಾನೂ ಡಿಸ್ಕ್ ಮುಟ್ಟದೆ ಹಂಗೇ ನಿಲ್ಲುತ್ತಾನೆ. ಬಹಳ ಮಂದಿ ಅವಸರಕ್ಕೆ ಫೆನ್ಸಿಂಗ್ ಬಂದ್ ಮಾಡಿ ಕ್ಲಸ್ಟರ್ ಚಾಲೂ ಮಾಡುತ್ತಾರೆ. "ಆಮೇಲೆ ಹಾಕೋಣ" ಅಂತ. ನಾನು ಮೊದಲು ಅದನ್ನೇ ಹಾಕುತ್ತೇನೆ. ಓಡುತ್ತಿರುವ ಸರ್ವರಿನ ವೈರ್ ಕೈಯಾರೆ ಕಿತ್ತು, ಅದು ಸಾಯೋದನ್ನು ಕಣ್ಣಾರೆ ನೋಡಿದ ಮೇಲೇ ಡಿಸ್ಕ್ ಫಾರ್ಮ್ಯಾಟ್.

2014ರ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕೋಡಿಯಲ್ಲಿ ಒಂದು ಚೇಂಜ್‌ಓವರ್ ಸ್ವಿಚ್ ತಗೊಂಡೆ. ದಪ್ಪ ಹಿಡಿಕಿ, ಈ ಕಡೆ ಹಾಕಿದರೆ ಒಂದು ಮೋಟರಿಗೆ ಕರೆಂಟ್, ಆ ಕಡೆ ಹಾಕಿದರೆ ಇನ್ನೊಂದಕ್ಕೆ. ಎರಡಕ್ಕೂ ಒಟ್ಟಿಗೆ ಹೋಗಲು ದಾರಿಯೇ ಇಲ್ಲ. ಅಪ್ಪ ನೋಡಿ, "ನನ್ನ ಮೋಟ್ರಿನ ಕರೆಂಟ್ ಅವ ತಗೀತಾನೇನು?" ಅಂದ. ಕಾಕಾನ ಮನೆಗೆ ಹೋದರೆ ಕಾಕಾನೂ ಅದೇ ಮಾತು, ಅದೇ ದನಿ. ಬೇಕಾದರೆ ಇಬ್ಬರ ಮಾತು ರೆಕಾರ್ಡ್ ಮಾಡಿ ಅದಲು ಬದಲು ಮಾಡಿದರೂ ಗೊತ್ತಾಗುತ್ತಿರಲಿಲ್ಲ.

ಕೊನೆಗೆ ಸೋದರತ್ತಿಯನ್ನು ಕರೆಸಿದೆವು. ಇಬ್ಬರಿಗೂ ಅಕ್ಕ. ನಾಗರಮುನ್ನೋಳಿಗೆ ಕೊಟ್ಟವಳು. ಈ ಬಾವಿಯಾಗ ಅವಳದು ಪಾಲೂ ಇಲ್ಲ, ಪಾಳಿಯೂ ಇಲ್ಲ. ಓದು ಬರಹ ಬರೋದಿಲ್ಲ. ಮೋಟರ್ ಮನೆಯ ಹೊಸ್ತಿಲ ಮೇಲೆ ಕುಂತು ಎಲಿ ಅಡಕಿ ಹಾಕಿಕೊಂಡು ಇಬ್ಬರ ಲೆಕ್ಕವನ್ನೂ ಕೇಳಿದಳು. ಆಮೇಲೆ, "ದಿನದ ಲೆಕ್ಕ ಯಾಕಲೇ? ದಿನಾ ಏನ್ ನೀರ್ ಎತ್ತತೈತಿ? ಕರೆಂಟಿನ ತಾಸು ಎಣಿಸ್ರಿ" ಅಂದಳು. ಅಷ್ಟೇ. ನಾನು ನೂರು ಪೇಜಿನ ನೋಟ್‌ಬುಕ್ಕಿಗೆ ಸುತಳಿ ಕಟ್ಟಿ, ಪೆನ್ನು ಕಟ್ಟಿ, ಸ್ವಿಚ್ಚಿನ ಬಾಜೂಕ ಮೊಳೆಗೆ ತೂಗು ಹಾಕಿದೆ. ಹಿಡಿಕಿ ತಿರುಗಿಸುವ ಮೊದಲು ಬರೀಬೇಕು, ತಿರುಗಿಸಿದ ಮೇಲೆ ಬರೀಬೇಕು. ಸ್ಟಾರ್ಟರಿನ ಆಟೋ ಎರಡನ್ನೂ ಬಿಚ್ಚಿಸಿ ಒಗೆದೆ.

ಅಪ್ಪ ಕಾಕಾ ಇದರಿಂದ ಒಂದಾದರು ಅಂತ ಬರೆದರೆ ಸುಳ್ಳಾಗುತ್ತದೆ. ಮಾತು ಈಗಲೂ ಅಷ್ಟಕ್ಕಷ್ಟೇ. ಆದರೆ ನೋಟ್‌ಬುಕ್ಕಿನಲ್ಲಿ ಮಾತಾಡುತ್ತಾರೆ. 'ಇವತ್ತ 4 ತಾಸು. 2 ಬಾಕಿ.' ಕೆಳಗೆ ಇನ್ನೊಂದು ಅಕ್ಷರದಲ್ಲಿ, 'ಆತು. ವಾಲ್ವ್ ಸೋರತೈತಿ, ನೋಡ್ಕೋ.' ಅದಕ್ಕೂ ಕೆಳಗೆ, 'ನೋಡೇನಿ.' ಈಗ ಐದನೇ ನೋಟ್‌ಬುಕ್ ನಡೀತಿದೆ. ಊರಿಗೆ ಹೋದಾಗಲೆಲ್ಲ ಚಪ್ಪಲಿ ಬಿಡುವ ಮೊದಲು ಅದನ್ನು ಓದಿ ಬರುತ್ತೇನೆ, ಬೇರೆಯವರು ಪೇಪರ್ ಓದಿದ ಹಂಗ.

ಹೋದ ವರ್ಷ ಮಾರ್ಚಿನಲ್ಲಿ ಕಾಕಾನಿಗೆ ಎದೆನೋವು ಬಂದು ಮಿರಜಿಗೆ ಒಯ್ದರು. ಹದಿನೆಂಟು ದಿನ ದವಾಖಾನೆ. ಕಾಕಾನ ಮಗ ಹೈದರಾಬಾದಿನಿಂದ ಬಂದು ಅಲ್ಲೇ ಕುಂತಿದ್ದ, ಕಾಕೂನೂ ಅಲ್ಲೇ. ತೋಟದಾಗ ಯಾರೂ ಇಲ್ಲ. ನಾನು ಯುಗಾದಿಗೆ ಹೋದಾಗ ರೂಢಿಯಂತೆ ನೋಟ್‌ಬುಕ್ ತೆಗೆದೆ. ಹದಿನೆಂಟು ದಿನದಲ್ಲಿ ಕಾಕಾನ ಪಾಳಿ ಬಂದಾಗಲೆಲ್ಲ ಕಾಕಾನ ಹೆಸರಿನ ಕೆಳಗೆ ತಾಸು ಬರೆದಿತ್ತು. ಐದು ತಾಸು. ಮೂರು ತಾಸು, ಎರಡು ಬಾಕಿ. ಅಕ್ಷರ ಅಪ್ಪನದು. ಒಂದು ಕಡೆ 'ರಾತ್ರಿ 1ಕ್ಕ' ಅಂತ ಇತ್ತು.

ಬಂದು ಅಪ್ಪನನ್ನು ಕೇಳಿದೆ. ಮೇವು ಕತ್ತರಿಸುತ್ತಿದ್ದ, ತಲೆ ಎತ್ತಲಿಲ್ಲ.

"ಪಾಳಿ ಅವಂದಲ್ಲೋ ತಮ್ಮಾ. ನನ್ನ ಹೆಸರೀಗೆ ಹೆಂಗ ಬರೀಲಿ?"